ನಿಮಗಿದು ಗೊತ್ತೇ? ಬೆಟ್ಟದ ನೆತ್ತಿಯಲ್ಲಿ ವಿಮಾನ ಇಳಿಸುವ ವಿದ್ಯೆ

ಚಿಕ್ಕನಾಯಕನಹಳ್ಳಿಯಿಂದ ಕೆ.ಬಿ. ಕ್ರಾಸ್‌ಗೆ ಬಂದು ತುಮಕೂರಿನ ಕಡೆಗೆ ತಿರುಗಿದರೆ, ನಿಟ್ಟೂರಿನ ಆಸುಪಾಸಿನಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಸಿಗುತ್ತದೆ. ದೇಶದ ಅತಿ ದೊಡ್ಡ ಹೆಲಿಕಾಪ್ಟರ್ ಕಾರ್ಖಾನೆ ಇರುವುದು ಅಲ್ಲಿ. ತೆಂಗಿನ ಸೀಮೆಯಲ್ಲಿ ಕಟ್ಟುವ ಈ ಯಂತ್ರಗಳು ದುಡಿಯಬೇಕಾದ ಜಾಗ ಮಾತ್ರ ಲಡಾಖ್ ಮತ್ತು ಸಿಯಾಚಿನ್. ಅಲ್ಲಿ ಕೆಲವೆಡೆ ನೆಲವೇ ಐದು ಸಾವಿರ ಮೀಟರ್ ಎತ್ತರದಲ್ಲಿದೆ, ಉಸಿರಾಡಲು ಗಾಳಿ ಸಾಲದು. ಅಂಥ ಕಡೆ ವಿಮಾನವನ್ನಾಗಲಿ ಹೆಲಿಕಾಪ್ಟರನ್ನಾಗಲಿ ಇಳಿಸುವುದಕ್ಕೆ ಧೈರ್ಯ ಬೇಕು, ಅದಕ್ಕೂ ಮೊದಲು ಲೆಕ್ಕ ಬೇಕು. ಆ ಲೆಕ್ಕ ನಮ್ಮೂರಿನ ಹೈಸ್ಕೂಲು ಮಕ್ಕಳಿಗೂ ದಕ್ಕುವಂಥದ್ದು. ಒಂದೊಂದಾಗಿ ನೋಡೋಣ.

ಗಾಳಿಯ ಲೆಕ್ಕ

1. ಗಾಳಿಗೂ ತೂಕವಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.225 ಕಿಲೋ. ಲೇಹ್ ವಿಮಾನ ನಿಲ್ದಾಣ ಇರುವ 3,256 ಮೀಟರ್ ಎತ್ತರದಲ್ಲಿ ಅಷ್ಟೇ ಗಾಳಿ ಸುಮಾರು 885 ಗ್ರಾಂ ತೂಗುತ್ತದೆ. 5,065 ಮೀಟರ್ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಅದು ಸುಮಾರು 730 ಗ್ರಾಂಗೆ ಇಳಿಯುತ್ತದೆ. ಅಂದರೆ ನೂರಕ್ಕೆ ನಲವತ್ತು ಪಾಲು ಗಾಳಿ ಅಲ್ಲಿಲ್ಲ.

2. ಈ ಕೊರತೆ ಮೂರು ಕಡೆಯಿಂದ ಒಟ್ಟಿಗೆ ಬಡಿಯುತ್ತದೆ. ರೆಕ್ಕೆ ಎತ್ತುವ ಬಲ ತಗ್ಗುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳಲು ಗಾಳಿ ಸಾಲುವುದಿಲ್ಲ. ಇಂಧನ ಉರಿಯಲು ಆಮ್ಲಜನಕ ಕಡಿಮೆಯಾಗಿ ಎಂಜಿನ್ನೂ ಸೊರಗುತ್ತದೆ.

3. ಟರ್ಬೋ ಇಲ್ಲದ ಸಾಮಾನ್ಯ ಪಿಸ್ಟನ್ ಎಂಜಿನ್ ಪ್ರತಿ ಸಾವಿರ ಅಡಿಗೆ ತನ್ನ ಶಕ್ತಿಯಲ್ಲಿ ಸುಮಾರು ಶೇ 3ರಷ್ಟನ್ನು ಕಳೆದುಕೊಳ್ಳುತ್ತದೆ. ಹತ್ತು ಸಾವಿರ ಅಡಿ ಏರುವ ಹೊತ್ತಿಗೆ ನೂರು ಕುದುರೆ ಬಲದ ಎಂಜಿನ್ನಿನಲ್ಲಿ ಉಳಿಯುವುದು ಎಪ್ಪತ್ತರ ಸುಮಾರು.

4. ಗಾಳಿ ತೆಳುವಾದರೂ ಪೆಟ್ರೋಲು ಮೊದಲಿನಷ್ಟೇ ಹರಿಯುತ್ತಿದ್ದರೆ ಮಿಶ್ರಣ ಕೆಟ್ಟು ಎಂಜಿನ್ ಮುಗ್ಗರಿಸುತ್ತದೆ. ಅದಕ್ಕೇ ಪಿಸ್ಟನ್ ವಿಮಾನದ ಪೈಲಟ್ ಎತ್ತರ ಏರಿದಂತೆ ಪೆಟ್ರೋಲಿನ ಪಾಲನ್ನು ಕೈಯಿಂದಲೇ ತಗ್ಗಿಸುತ್ತಾ ಹೋಗಬೇಕು. ಎತ್ತರದ ಇಳಿದಾಣದಿಂದ ಮೇಲೇಳುವ ಮುನ್ನ ಇದನ್ನು ಮರೆತರೆ ಇರುವ ಬಲವೂ ಸಿಗುವುದಿಲ್ಲ.

5. ನಮ್ಮ ನೆಲವೂ ತಗ್ಗಿನದಲ್ಲ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಎತ್ತರ 915 ಮೀಟರ್. ಅಲ್ಲಿನ ಗಾಳಿ ಸಮುದ್ರಮಟ್ಟದ ಗಾಳಿಗಿಂತ ಶೇ 8ರಷ್ಟು ತೆಳು. ತಿಪಟೂರು, ಚಿಕ್ಕನಾಯಕನಹಳ್ಳಿಗಳೂ ಇದೇ ಪ್ರಸ್ಥಭೂಮಿಯ ಮೇಲಿವೆ.

6. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಎರಡು ಸೀಟಿನ ಹಂಸ-ಎನ್‌ಜಿ ತರಬೇತಿ ವಿಮಾನ 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿ ಹಾರಿತು. ಆದರೆ ಸಮುದ್ರಮಟ್ಟದ ಗಾಳಿಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆಂದು ನೋಡಲು ಬೆಂಗಳೂರಿನಲ್ಲಿ ಆಗಲಿಲ್ಲ. 2022ರಲ್ಲಿ ಅದನ್ನು ಪುದುಚೇರಿಗೆ ಹಾರಿಸಿಕೊಂಡು ಹೋಗಿ ಪರೀಕ್ಷಿಸಿದರು.

7. ಬಿಸಿಲು ಏರಿದರೆ ಬೆಟ್ಟವೂ ಏರುತ್ತದೆ! ಒಂದು ಎತ್ತರದಲ್ಲಿ ಇರಬೇಕಾದ ಉಷ್ಣಾಂಶಕ್ಕಿಂತ ಪ್ರತಿ ಒಂದು ಡಿಗ್ರಿ ಹೆಚ್ಚಾದಾಗಲೂ ವಿಮಾನದ ಪಾಲಿಗೆ ಆ ಜಾಗ ಸುಮಾರು 36 ಮೀಟರ್ ಮೇಲಕ್ಕೆ ಸರಿದಂತೆ. ಲೇಹ್‌ನಲ್ಲಿ ಬೇಸಿಗೆಯ ಮಧ್ಯಾಹ್ನ 25 ಡಿಗ್ರಿ ಇದ್ದರೆ ಅಲ್ಲಿನ ಗಾಳಿ ಸುಮಾರು 4,400 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಪೈಲಟ್‌ಗಳು ಇದನ್ನು ‘ಡೆನ್ಸಿಟಿ ಆಲ್ಟಿಟ್ಯೂಡ್’ ಎನ್ನುತ್ತಾರೆ. ನಕ್ಷೆಯಲ್ಲಿರುವ ಎತ್ತರಕ್ಕಿಂತ ಅವರು ಹೆಚ್ಚು ನಂಬುವುದು ಈ ಎತ್ತರವನ್ನು.

8. ಲೇಹ್‌ಗೆ ಪ್ರಯಾಣಿಕರ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತೇ ಹೋಗಿ ಬರುವುದೇಕೆ? ಬೆಳಗ್ಗೆ ಗಾಳಿ ತಣ್ಣಗಿದ್ದು ದಟ್ಟವಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಏರಿ ಕಣಿವೆಯಲ್ಲಿ ಬಲವಾದ ಗಾಳಿ ಬೀಸತೊಡಗುತ್ತದೆ.

9. ವೇಗ ತೋರಿಸುವ ಮುಳ್ಳು ಬೆಟ್ಟದಲ್ಲಿ ಪೂರ್ತಿ ನಿಜ ಹೇಳುವುದಿಲ್ಲ. ಅದು ಅಳೆಯುವುದು ಎದುರು ಬಡಿಯುವ ಗಾಳಿಯ ಒತ್ತಡವನ್ನು. ಮುಳ್ಳು ಗಂಟೆಗೆ 100 ಕಿ.ಮೀ. ಎಂದಾಗ ಲೇಹ್‌ನಲ್ಲಿ ನಿಜವಾದ ವೇಗ ಸುಮಾರು 118, ದೌಲತ್ ಬೇಗ್ ಓಲ್ಡಿಯಲ್ಲಿ ಸುಮಾರು 129. ಪೈಲಟ್ ಮುಳ್ಳನ್ನೇ ನಂಬಿ ಇಳಿಯಬೇಕು, ಏಕೆಂದರೆ ರೆಕ್ಕೆಗೆ ತಿಳಿಯುವುದೂ ಆ ಒತ್ತಡವೇ. ನೆಲ ಜೋರಾಗಿ ಓಡಿಬರುತ್ತಿದೆ ಎಂದು ಬೆದರಿ ವೇಗ ತಗ್ಗಿಸಿದರೆ ರೆಕ್ಕೆಯ ಬಲ ತಪ್ಪಿ ವಿಮಾನ ಬೀಳುತ್ತದೆ.

10. ವೇಗ ಶೇ 29 ಹೆಚ್ಚಾದರೆ ಚಲನಶಕ್ತಿ ಶೇ 66ರಷ್ಟು ಹೆಚ್ಚುತ್ತದೆ, ಏಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಆ ಹೆಚ್ಚುವರಿ ಶಕ್ತಿಯನ್ನೆಲ್ಲ ಬ್ರೇಕು, ಪ್ರೊಪೆಲ್ಲರಿನ ಹಿಮ್ಮುಖ ತಳ್ಳು ಮತ್ತು ರನ್‌ವೇಯ ಉದ್ದವೇ ನುಂಗಬೇಕು.

11. ನೆಲಕ್ಕೆ ತೀರಾ ಹತ್ತಿರ ಹಾರುವಾಗ ರೆಕ್ಕೆಗೆ ಗಾಳಿಯ ಎಳೆತ ಕಡಿಮೆ. ಹಾಗಾಗಿ ಎತ್ತರದ ಜಾಗದಲ್ಲಿ ಭಾರ ಹೊತ್ತ ವಿಮಾನ ನೆಲ ಬಿಟ್ಟು ಒಂದೆರಡು ಮೀಟರ್ ಎದ್ದುಬಿಡುತ್ತದೆ, ಅದರಿಂದಾಚೆಗೆ ಏರುವುದಿಲ್ಲ. ರನ್‌ವೇ ಮುಗಿದು ಎದುರಿಗೆ ಗುಡ್ಡ ಬಂದಾಗಲೇ ಅದು ಗೊತ್ತಾಗುವುದು. ಇಳಿಯುವಾಗಲೇ ಏಳುವ ಲೆಕ್ಕ ಹಾಕಿರಬೇಕು ಎಂದು ಬೆಟ್ಟದ ಪೈಲಟ್‌ಗಳಿಗೆ ಕಲಿಸುವುದು ಇದಕ್ಕೇ.

ಓರೆಯಾದ ರನ್‌ವೇ

12. ನೇಪಾಳದ ಲುಕ್ಲಾ ಎವರೆಸ್ಟ್ ಚಾರಣದ ಹೆಬ್ಬಾಗಿಲು. ಅಲ್ಲಿನ ರನ್‌ವೇಯ ಉದ್ದ ಬರೀ 527 ಮೀಟರ್, ಓರೆ ಶೇ 11.7. ಒಂದು ತುದಿಗೂ ಇನ್ನೊಂದಕ್ಕೂ ಸುಮಾರು 60 ಮೀಟರ್ ಎತ್ತರದ ಅಂತರ.

13. ಆ ಓರೆ ಇರುವುದೇ ಒಳ್ಳೆಯದಕ್ಕೆ. ಏರಿನಲ್ಲಿ ಎತ್ತಿನ ಗಾಡಿ ತಾನಾಗಿ ನಿಧಾನವಾಗುವಂತೆ ಇಳಿಯುವ ವಿಮಾನ ಏರುಮುಖಕ್ಕೆ ಓಡಿ ಬೇಗ ನಿಲ್ಲುತ್ತದೆ. ಹೊರಡುವಾಗ ಇಳಿಜಾರೇ ವೇಗ ಕೊಡುತ್ತದೆ. ಗಾಳಿ ಎತ್ತ ಬೀಸಿದರೂ ಲುಕ್ಲಾದಲ್ಲಿ ಇಳಿಯುವ ದಿಕ್ಕು ಒಂದೇ, ಏಳುವ ದಿಕ್ಕು ಅದಕ್ಕೆ ಎದುರು.

14. ಲುಕ್ಲಾದ ರನ್‌ವೇ ಮೇಲ್ತುದಿಯಲ್ಲಿ ಬೆಟ್ಟ, ಕೆಳತುದಿಯಲ್ಲಿ ಪ್ರಪಾತ. ಕೊನೆಯ ಗಳಿಗೆಯಲ್ಲಿ ‘ಬೇಡ, ಇನ್ನೊಂದು ಸುತ್ತು ಬರೋಣ’ ಎನ್ನಲು ಅಲ್ಲಿ ಜಾಗವಿಲ್ಲ. ತೀರ್ಮಾನವನ್ನು ಕಣಿವೆಯಲ್ಲಿ ಬಹಳ ಮೊದಲೇ ಮಾಡಿರಬೇಕು.

15. ಈ ಇಳಿದಾಣವನ್ನು 1964ರಲ್ಲಿ ಕಟ್ಟಿಸಿದವರು ತೇನ್‌ಸಿಂಗ್ ಜೊತೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ. ಹೊಸದಾಗಿ ಹರಡಿದ ಮಣ್ಣನ್ನು ಗಟ್ಟಿ ಮಾಡಲು ರೋಲರ್ ಇರಲಿಲ್ಲ. ಶೆರ್ಪಾಗಳು ಸಾಲಾಗಿ ಕೈಹಿಡಿದು ಕುಣಿದು ಕಾಲಿನಿಂದಲೇ ನೆಲ ತುಳಿದರು. 2001ರವರೆಗೂ ಅದು ಮಣ್ಣಿನ ರನ್‌ವೇಯಾಗಿಯೇ ಇತ್ತು. 2008ರಲ್ಲಿ ಅದಕ್ಕೆ ತೇನ್‌ಸಿಂಗ್-ಹಿಲರಿ ಹೆಸರಿಟ್ಟರು.

16. ಶೆರ್ಪಾ ಊರುಗಳಿಗಾಗಿ ಶಾಲೆ, ಆಸ್ಪತ್ರೆ ಕಟ್ಟಿಸಿದ ಅದೇ ಹಿಲರಿ, 1975ರ ಮಾರ್ಚ್ 31ರಂದು ಪತ್ನಿ ಲೂಯಿಸ್ ಮತ್ತು ಮಗಳು ಬೆಲಿಂಡಾರನ್ನು ಕಠ್ಮಂಡುವಿನಲ್ಲಿ ಸಣ್ಣ ವಿಮಾನದ ಅಪಘಾತದಲ್ಲಿ ಕಳೆದುಕೊಂಡರು. ಫಾಪ್ಲು ಎಂಬಲ್ಲಿ ಆಸ್ಪತ್ರೆ ಕಟ್ಟಿಸುತ್ತಿದ್ದ ಹಿಲರಿಯವರ ಬಳಿಗೆ ಅವರು ಹೊರಟಿದ್ದರು.

17. ಫ್ರಾನ್ಸಿನ ಆಲ್ಪ್ಸ್‌ನಲ್ಲಿರುವ ಕೂರ್ಶೆವೆಲ್ ಇಳಿದಾಣದ ಎತ್ತರ ಸುಮಾರು 2,000 ಮೀಟರ್, ರನ್‌ವೇ 537 ಮೀಟರ್. ಅದರ ಒಂದು ಭಾಗದ ಓರೆ ಶೇ 18ನ್ನೂ ಮೀರುತ್ತದೆ. ಅಲ್ಲಿಗೆ ಹೋಗಬೇಕಾದ ಪೈಲಟ್‌ಗೆ ಸಾಮಾನ್ಯ ಪರವಾನಗಿ ಸಾಲದು, ವಿಶೇಷ ಅರ್ಹತೆ ಬೇಕು.

18. ಏರುಮುಖದ ರನ್‌ವೇ ಕಣ್ಣಿಗೆ ಮೋಸ ಮಾಡುತ್ತದೆ. ನಾವು ತೀರಾ ಮೇಲಿದ್ದೇವೆ ಎನ್ನಿಸಿ ಪೈಲಟ್ ಬೇಕಾದ್ದಕ್ಕಿಂತ ಕೆಳಗೆ ಬಂದುಬಿಡಬಹುದು. ಇಳಿಮುಖದ ರನ್‌ವೇಯಲ್ಲಿ ಮೋಸ ತಿರುಗುಮುರುಗು. ತರಬೇತಿಯಲ್ಲಿ ಮೊದಲು ಕಲಿಸುವುದು ಎತ್ತರ ತೋರುವ ಮಾಪಕವನ್ನೂ ಕಣ್ಣನ್ನೂ ತಾಳೆ ನೋಡುವುದನ್ನು.

19. ಕಣಿವೆಯಲ್ಲಿ ಹಾರುವಾಗ ನಟ್ಟನಡುವೆ ಹೋಗಬಾರದು. ಒಂದು ಮಗ್ಗುಲಿಗೆ ಸರಿದಿದ್ದರೆ ಹಿಂದಿರುಗಲು ಕಣಿವೆಯ ಇಡೀ ಅಗಲ ಸಿಗುತ್ತದೆ. ನಡುವೆ ಇದ್ದರೆ ಅರ್ಧ ಮಾತ್ರ.

20. ಬೆಟ್ಟದ ಸಾಲನ್ನು ನೇರವಾಗಿ ಎದುರಿಸಬಾರದು, 45 ಡಿಗ್ರಿ ಓರೆಯಾಗಿ ಹೋಗಬೇಕು. ಸಾಲಿನಾಚೆಯಿಂದ ಗಾಳಿ ಕೆಳಕ್ಕೆ ಒತ್ತಿದರೆ ಅರ್ಧ ತಿರುವಿನಲ್ಲೇ ಪಾರಾಗಬಹುದು. ಬೆಟ್ಟದ ನೆತ್ತಿಯಲ್ಲಿ ಗಾಳಿ ಗಂಟೆಗೆ 45 ಕಿ.ಮೀ. ಮೀರಿದರೆ ಸಣ್ಣ ವಿಮಾನಗಳು ಆ ದಾರಿಗೇ ಹೋಗದಿರುವುದು ಒಳಿತು.

21. ಬೆಟ್ಟದ ಮೇಲಿನ ರನ್‌ವೇ ನಮ್ಮ ಕರ್ನಾಟಕದಲ್ಲೂ ಇದೆ. ಮಂಗಳೂರಿನ ಬಜ್ಪೆ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಅದು ಆರಂಭವಾಯಿತು. ಎತ್ತರ ಹೆಚ್ಚಿಲ್ಲದಿದ್ದರೂ ಮೂರು ಕಡೆ ಕಣಿವೆ ಇರುವುದರಿಂದ ಬೆಟ್ಟದ ಇಳಿದಾಣದ ಶಿಸ್ತೇ ಅಲ್ಲೂ ಬೇಕು.

22. 2010ರ ಮೇ 22ರಂದು ಅದೇ ಬಜ್ಪೆಯಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು, ಉಳಿದವರು ಎಂಟು ಮಂದಿ. ತೀರಾ ಎತ್ತರದಿಂದ ಬರುತ್ತಿದ್ದೇವೆ, ಮತ್ತೊಂದು ಸುತ್ತು ಹೋಗೋಣ ಎಂದು ಸಹ ಪೈಲಟ್ ಎಚ್ಚರಿಸಿದ್ದರು ಎಂದು ತನಿಖೆ ಹೇಳಿತು. ‘ಇಳಿಯುವುದಿಲ್ಲ’ ಎಂಬ ತೀರ್ಮಾನಕ್ಕೆ ಇಳಿಯುವ ಕೌಶಲದಷ್ಟೇ ಬೆಲೆ ಇದೆ. ಆ ದಿನ ಹೋದ ಜೀವಗಳನ್ನು ನೆನೆಯುವಾಗ ಈ ಪಾಠವನ್ನೂ ನೆನೆಯಬೇಕು.

ಹಿಮದ ಮೇಲೆ

23. ಬೆಟ್ಟದ ಮೇಲೆ ವಿಮಾನ ಇಳಿಸುವ ಸಾಹಸಕ್ಕೆ ನೂರು ವರ್ಷ ದಾಟಿದೆ. 1921ರ ಜುಲೈ 30ರಂದು ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ ದುರಫೂರ್ ಮರ, ಬಟ್ಟೆಗಳ ಕೊಡ್ರಾನ್ ವಿಮಾನವನ್ನು ಮೋಂ ಬ್ಲಾಂ ಬೆಟ್ಟದ 4,304 ಮೀಟರ್ ಎತ್ತರದ ಹೆಗಲ ಮೇಲೆ ಇಳಿಸಿದರು. ಮತ್ತೆ ಹೊರಡುವಾಗ ಇಳಿಜಾರಿನಲ್ಲಿ ಜಾರಿ ಹಾರಿ ಶಮೊನಿ ಕಣಿವೆ ಸೇರಿದರು.

24. ಅದೇ ಬೆಟ್ಟದ ತುತ್ತತುದಿಗೆ ವಿಮಾನ ಇಳಿಸಲು ಇನ್ನೂ 39 ವರ್ಷ ಬೇಕಾಯಿತು. 1960ರ ಜೂನ್ 23ರಂದು ಆನ್ರಿ ಜಿರೋ ಪುಟ್ಟ ಪೈಪರ್ ಸೂಪರ್ ಕಬ್ ವಿಮಾನದಲ್ಲಿ ಅದನ್ನು ಮಾಡಿ ತೋರಿಸಿದರು.

25. 1946ರ ನವೆಂಬರ್ 19ರಂದು ಅಮೆರಿಕದ ಸೇನಾ ಡಕೋಟಾ ವಿಮಾನವೊಂದು ಸ್ವಿಟ್ಜರ್ಲೆಂಡಿನ ಗೌಲಿ ಹಿಮನದಿಗೆ ಅಪ್ಪಳಿಸಿತು. ಒಳಗಿದ್ದ 12 ಜನರೂ ಬದುಕಿದ್ದರು. ಐದು ದಿನಗಳ ಬಳಿಕ, ಸ್ಕೀ ಕಟ್ಟಿದ ಎರಡು ಫೀಜೆಲರ್ ಸ್ಟೋರ್ಕ್ ವಿಮಾನಗಳು ಹಿಮನದಿಯ ಮೇಲೇ ಇಳಿದು ಅವರನ್ನು ಕೆಳಕ್ಕೆ ತಂದವು. ಪೈಲಟ್‌ಗಳು ವಿಕ್ಟರ್ ಹುಗ್ ಮತ್ತು ಪಿಸ್ಟಾ ಹಿಟ್ಸ್. ಆಲ್ಪ್ಸ್‌ನ ವಿಮಾನ ರಕ್ಷಣಾ ಕಾರ್ಯ ಬೆಳೆದದ್ದು ಆ ದಿನದಿಂದ.

26. ಹಿಮನದಿಯಲ್ಲಿ ಇಳಿಯುವುದನ್ನು ಕಲಿಸಬಹುದಾದ ಕ್ರಮವಾಗಿ ಮಾಡಿದವರು ಹರ್ಮನ್ ಗೈಗರ್. 1952ರ ಮೇ 10ರಂದು ಅವರು ಕಾಂಡರ್ ಹಿಮನದಿಯ ಮೇಲೆ ಇಳಿದರು. ಅವರ ವಿಮಾನಕ್ಕೆ ಗಾಲಿಯೂ ಇತ್ತು, ಏರಿಸಿ ಇಳಿಸಬಹುದಾದ ಸ್ಕೀಯೂ ಇತ್ತು. ಏರುಮುಖಕ್ಕೆ ಇಳಿಯಬೇಕು, ನಿಲ್ಲುವ ಮುನ್ನ ಅಡ್ಡಕ್ಕೆ ತಿರುಗಿಸಬೇಕು, ಇಳಿಜಾರಿಗೆ ಮುಖ ಮಾಡಿ ಹೊರಡಬೇಕು. ಅಡ್ಡ ತಿರುಗಿಸದಿದ್ದರೆ ನಿಂತ ವಿಮಾನ ಹಿಂದಕ್ಕೆ ಜಾರುತ್ತದೆ. ಹಿಮನದಿಗಳಲ್ಲಿ ಸಿಲುಕಿದ ನೂರಾರು ಜನರನ್ನು ಕಾಪಾಡಿದ ಅವರು 1966ರಲ್ಲಿ ತಮ್ಮ ಊರಾದ ಸಿಯೋನ್‌ನ ಸಮತಟ್ಟಾದ ಇಳಿದಾಣದಲ್ಲೇ ಎರಡು ವಿಮಾನಗಳು ಡಿಕ್ಕಿಯಾಗಿ ತೀರಿಕೊಂಡರು.

27. ಮೋಡ ಕವಿದಾಗ ಹಿಮದ ಮೇಲೆ ನೆರಳೂ ಇಲ್ಲ, ಗೆರೆಯೂ ಇಲ್ಲ. ನೆಲ ಹತ್ತು ಮೀಟರ್ ಕೆಳಗಿದೆಯೋ ನೂರು ಮೀಟರ್ ಕೆಳಗಿದೆಯೋ ತಿಳಿಯದು. ಅಲಾಸ್ಕಾದ ಪೈಲಟ್‌ಗಳು ಮರದ ಕೊಂಬೆಗಳನ್ನು ಮೊದಲು ಹಿಮದ ಮೇಲೆ ಉದುರಿಸಿ, ಆ ಕಪ್ಪು ಗುರುತುಗಳನ್ನು ನೋಡಿಕೊಂಡು ಇಳಿಯುತ್ತಿದ್ದರು.

28. ಸಣ್ಣ ವಿಮಾನವೊಂದು ಹಿಮಾಲಯದಲ್ಲಿ ಎಷ್ಟು ಎತ್ತರಕ್ಕೆ ಇಳಿದಿದೆ? 1960ರಲ್ಲಿ ಸ್ವಿಸ್ ತಂಡ ಧವಳಗಿರಿ ಏರುವಾಗ ‘ಯೇತಿ’ ಹೆಸರಿನ ಪಿಲಾಟಸ್ ಪೋರ್ಟರ್ ವಿಮಾನ ಸುಮಾರು 5,700 ಮೀಟರ್ ಎತ್ತರದ ಹಿಮದ ಮೇಲೆ ಆಹಾರ, ಸಾಮಾನು, ಜನರನ್ನು ಇಳಿಸಿತು. ಎರ್ನ್ಸ್ಟ್ ಸಾಕ್ಸರ್ ಮತ್ತು ಎಮಿಲ್ ವಿಕ್ ಅದರ ಪೈಲಟ್‌ಗಳು. ರೆಕ್ಕೆಯ ವಿಮಾನಗಳಲ್ಲಿ ಅದು ದಾಖಲೆ. ಕೊನೆಗೆ ‘ಯೇತಿ’ ಅಪಘಾತಕ್ಕೀಡಾದಾಗ ಪೈಲಟ್‌ಗಳಿಬ್ಬರೂ ಬದುಕುಳಿದು ನಡೆದೇ ಕೆಳಗಿಳಿದರು.

29. ದಕ್ಷಿಣ ಧ್ರುವವೂ ಒಂದು ಎತ್ತರದ ಇಳಿದಾಣವೇ. ಅದರ ಎತ್ತರ 2,835 ಮೀಟರ್. 1956ರ ಅಕ್ಟೋಬರ್ 31ರಂದು ಅಮೆರಿಕದ ನೌಕಾಪಡೆಯ ಡಕೋಟಾ ಅಲ್ಲಿ ಇಳಿಯಿತು. ಒಂದು ಗಂಟೆಯೊಳಗೆ ಸ್ಕೀಗಳು ಮಂಜಿಗೆ ಅಂಟಿಕೊಂಡವು. ವಿಮಾನಕ್ಕೆ ಕಟ್ಟಿದ್ದ 15 ಸಣ್ಣ ರಾಕೆಟ್‌ಗಳನ್ನು ಉರಿಸಿಯೇ ಅದು ಮೇಲೆದ್ದಿತು.

ಲಡಾಖ್‌ನಲ್ಲಿ ಒಬ್ಬ ಕೊಡಗಿನ ಸೇನಾನಿ

30. ಲೇಹ್‌ನಲ್ಲಿ ಇಳಿದ ಮೊದಲ ವಿಮಾನದಲ್ಲಿ ಕರ್ನಾಟಕದವರೊಬ್ಬರಿದ್ದರು. 1948ರಲ್ಲಿ ಲೇಹ್ ಶತ್ರುಗಳ ಕೈಸೇರುವ ಹಂತದಲ್ಲಿತ್ತು, ರಸ್ತೆಯಿಂದ ಸೈನ್ಯ ಕಳಿಸುವಷ್ಟು ಸಮಯವಿರಲಿಲ್ಲ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ ಆಗ ಕಾಶ್ಮೀರದಲ್ಲಿ ಮೇಜರ್ ಜನರಲ್. ವಿಮಾನದಲ್ಲೇ ಸೈನಿಕರನ್ನು ಇಳಿಸಬೇಕೆಂದು ಅವರು ಪಟ್ಟು ಹಿಡಿದರು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ಹಾರಿಸಿದರು. ತಿಮ್ಮಯ್ಯನವರು ಅದೇ ವಿಮಾನದಲ್ಲಿ ಕುಳಿತು ಜೊತೆಗೆ ಹೋದರು.

31. ಆ ಡಕೋಟಾದಲ್ಲಿ ಆಮ್ಲಜನಕದ ಏರ್ಪಾಡು ಇರಲಿಲ್ಲ, ರೆಕ್ಕೆಗೆ ಕಟ್ಟುವ ಮಂಜು ಕರಗಿಸುವ ಸಾಧನವೂ ಇರಲಿಲ್ಲ. ನಂಬಬಹುದಾದ ನಕ್ಷೆಯೂ ಇಲ್ಲದೆ ಹಿಮಾಲಯದ ಸಾಲುಗಳನ್ನು ದಾಟಿ ಅವರು ಸಿಂಧೂ ನದಿಯ ಪಕ್ಕದ ಮಣ್ಣಿನ ಪಟ್ಟಿಯಲ್ಲಿ ಇಳಿದರು.

32. ಆ ಪಟ್ಟಿಯನ್ನು ಸಿದ್ಧಪಡಿಸಿದವರು ಲಡಾಖಿ ಎಂಜಿನಿಯರ್ ಸೋನಂ ನೋರ್ಬು. ಅವರ ಜೊತೆ ದುಡಿದವರು ಊರಿನ ಜನ. ಕೆಲವೇ ದಿನಗಳಲ್ಲಿ ಡಕೋಟಾಗಳು ಗೂರ್ಖಾ ಸೈನಿಕರನ್ನು ಇಳಿಸತೊಡಗಿದವು, ಲೇಹ್ ಉಳಿಯಿತು. ತಿಮ್ಮಯ್ಯನವರು ಮುಂದೆ, 1957ರಲ್ಲಿ, ಭೂಸೇನೆಯ ಮುಖ್ಯಸ್ಥರಾದರು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಮಕ್ಕಳ ಶಾಲಾ ಪ್ರವಾಸದ ಪಟ್ಟಿಯಲ್ಲಿ ಅದಕ್ಕೊಂದು ಜಾಗ ಇರಲೇಬೇಕು.

33. ದೌಲತ್ ಬೇಗ್ ಓಲ್ಡಿಯಲ್ಲಿ ಮೊದಲ ವಿಮಾನ ಇಳಿದದ್ದು 1962ರಲ್ಲಿ. ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ‘ಪ್ಯಾಕೆಟ್’ ಸಾಗಣೆ ವಿಮಾನವನ್ನು ಅಲ್ಲಿ ಇಳಿಸಿದರು. ಕೆಲ ವರ್ಷಗಳಲ್ಲೇ ಆ ಇಳಿದಾಣದ ಬಳಕೆ ನಿಂತುಹೋಯಿತು. ಮತ್ತೆ ಅಲ್ಲಿ ರೆಕ್ಕೆಯ ವಿಮಾನ ಇಳಿದದ್ದು ಬಳಕೆ ನಿಂತ 43 ವರ್ಷಗಳ ನಂತರ, 2008ರ ಮೇ 31ರಂದು. ಆಗ ಬಂದದ್ದು ಎಎನ್-32.

34. ಎಎನ್-32ರ ಎಂಜಿನ್‌ಗಳು ರೆಕ್ಕೆಯ ಮೇಲ್ಗಡೆ ಎತ್ತರದಲ್ಲಿ ಕುಳಿತಿರುತ್ತವೆ. ದೊಡ್ಡ ಪ್ರೊಪೆಲ್ಲರ್ ಬೇಕಿತ್ತು, ಕಲ್ಲು, ದೂಳು ಎಂಜಿನ್‌ಗೆ ಹೋಗಬಾರದಿತ್ತು. ಬಿಸಿ ಮತ್ತು ಎತ್ತರ ಎರಡೂ ಇರುವ ನೆಲಕ್ಕಾಗಿಯೇ ಈ ವಿಮಾನ ರೂಪುಗೊಂಡಿತು, ಭಾರತದ ಅಗತ್ಯವೇ ಅದಕ್ಕೆ ಕಾರಣವಾಗಿತ್ತು.

35. 2013ರ ಆಗಸ್ಟ್ 20ರಂದು ನಾಲ್ಕು ಎಂಜಿನ್‌ಗಳ ಸಿ-130ಜೆ ದೌಲತ್ ಬೇಗ್ ಓಲ್ಡಿಯ ಮಣ್ಣಿನ ಮೇಲೆ ಇಳಿಯಿತು. ಸಣ್ಣ ವಿಮಾನಗಳು ತೋರಿಸಿದ ದಾರಿಯಲ್ಲಿ ದೊಡ್ಡವು ಬಂದವು.

ಬೆಂಗಳೂರಿನಿಂದ ಬಿದರೆಹಳ್ಳ ಕಾವಲ್‌ಗೆ

36. ರನ್‌ವೇ ಮಾಡಲು ಜಾಗವೇ ಇಲ್ಲದ ಕಡೆ ಹೆಲಿಕಾಪ್ಟರ್ ಬೇಕು. ಫ್ರಾನ್ಸಿನಲ್ಲಿ ‘ಲಾಮಾ’ ಹೆಲಿಕಾಪ್ಟರ್ ರೂಪುಗೊಂಡದ್ದು ಹಿಮಾಲಯದಲ್ಲಿ ಕೆಲಸ ಮಾಡುವ ಯಂತ್ರ ಬೇಕೆಂದು ಭಾರತ ಕೇಳಿದ್ದರಿಂದ. 1969ರ ಮಾರ್ಚ್ 17ರಂದು ಅದು ಮೊದಲು ಹಾರಿತು. ಅದೇ ವರ್ಷ ಹಿಮಾಲಯದ ಪರೀಕ್ಷೆಯಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಎದ್ದಿತು. ಬೆಂಗಳೂರಿನ ಎಚ್‌ಎಎಲ್ ಇದನ್ನೇ ‘ಚೀತಾ’ ಹೆಸರಿನಲ್ಲಿ ತಯಾರಿಸಿತು.

37. 1972ರ ಜೂನ್ 21ರಂದು ಜೀನ್ ಬೂಲೆ ಲಾಮಾದಲ್ಲಿ 12,442 ಮೀಟರ್ ಏರಿದರು. ಅಲ್ಲಿನ ಕೊರೆವ ಚಳಿಯಲ್ಲಿ ಎಂಜಿನ್ ಆರಿಹೋಯಿತು. ಕೆಳಗಿನಿಂದ ಮೇಲಕ್ಕೆ ಬರುವ ಗಾಳಿಯಿಂದಲೇ ರೆಕ್ಕೆ ತಿರುಗುವಂತೆ ನೋಡಿಕೊಂಡು, ಎಂಜಿನ್ ಇಲ್ಲದೆ ನೆಲದವರೆಗೂ ಸುರಕ್ಷಿತವಾಗಿ ಇಳಿದರು.

38. ಎವರೆಸ್ಟ್ ನೆತ್ತಿಗೂ ಹೆಲಿಕಾಪ್ಟರ್ ತಲುಪಿದೆ. 2005ರ ಮೇ 14ರಂದು ಫ್ರಾನ್ಸಿನ ದಿದಿಯೆ ದೆಲ್ಸಾಲ್ 3 ನಿಮಿಷ 50 ಸೆಕೆಂಡು ಅಲ್ಲಿ ನಿಂತಿದ್ದರು. ಅಲ್ಲಿನ ಗಾಳಿ ಸಮುದ್ರಮಟ್ಟದ ಗಾಳಿಯ ಶೇ 40ಕ್ಕಿಂತಲೂ ಕಡಿಮೆ.

39. ಸಿಯಾಚಿನ್‌ನಲ್ಲಿ 1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ್’ ಶುರುವಾದಾಗಿನಿಂದ ಚೀತಾಗಳೇ ಸೈನಿಕರ ಜೀವನಾಡಿ. ಸೋನಂ ನೆಲೆಯ ಹೆಲಿಪ್ಯಾಡ್ ಸುಮಾರು 21,000 ಅಡಿ ಎತ್ತರದಲ್ಲಿದೆ. ಅಷ್ಟು ಮೇಲೆ ಒಂದು ಸಲಕ್ಕೆ ಒಯ್ಯಲಾಗುವುದು ಒಂದು ಕ್ಯಾನ್ ಸೀಮೆಎಣ್ಣೆಯಷ್ಟು, ಒಂದಿಷ್ಟು ದಿನಸಿಯಷ್ಟು ಭಾರ ಮಾತ್ರ. ಅದಕ್ಕಾಗಿ ಪೈಲಟ್ ಪ್ರತಿಸಲವೂ ಜೀವ ಪಣಕ್ಕಿಡುತ್ತಾರೆ.

40. ಇಳಿವಯಸ್ಸಿನ ಚೀತಾ, ಚೇತಕ್‌ಗಳ ಜಾಗ ತುಂಬಲು ಎಚ್‌ಎಎಲ್ ರೂಪಿಸಿದ್ದು ಮೂರು ಟನ್ ವರ್ಗದ ಲಘು ಬಳಕೆಯ ಹೆಲಿಕಾಪ್ಟರ್ ಎಲ್‌ಯುಎಚ್. 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. 2019ರಲ್ಲಿ ಅದು ಬೆಂಗಳೂರಿನಿಂದ ಸುಮಾರು 3,000 ಕಿ.ಮೀ. ಹಾರಿ ಲೇಹ್ ಸೇರಿತು. ಬೇಸಿಗೆಯ ಬಿಸಿಯಲ್ಲಿ ದೌಲತ್ ಬೇಗ್ ಓಲ್ಡಿಯಲ್ಲೂ, ಅದಕ್ಕಿಂತ ಮೇಲೆ 5,500 ಮೀಟರ್ ಎತ್ತರದ ಹೆಲಿಪ್ಯಾಡ್‌ನಲ್ಲೂ ಪರೀಕ್ಷೆ ಗೆದ್ದಿತು. ಏಳನೇ ಅಂಶದಲ್ಲಿ ಹೇಳಿದ ಬಿಸಿಲಿನ ಲೆಕ್ಕ ನೆನಪಿದ್ದರೆ, ಬೇಕೆಂದೇ ಬಿಸಿಯ ದಿನಗಳನ್ನು ಆರಿಸಿಕೊಂಡದ್ದೇಕೆ ಎಂದು ತಿಳಿಯುತ್ತದೆ.

41. ಕಾರ್ಗಿಲ್ ಯುದ್ಧದಲ್ಲಿ ಎತ್ತರದಲ್ಲಿ ಹೋರಾಡಬಲ್ಲ ಹೆಲಿಕಾಪ್ಟರಿನ ಕೊರತೆ ಕಾಡಿತು. ಅದರ ಫಲವೇ ಎಚ್‌ಎಎಲ್‌ನ ‘ಪ್ರಚಂಡ’. 2010ರ ಮಾರ್ಚ್ 29ರಂದು ಮೊದಲು ಹಾರಿತು, 2015ರಲ್ಲಿ ಸಿಯಾಚಿನ್‌ನ ಮುಂಚೂಣಿ ನೆಲೆಗಳಲ್ಲಿ ಇಳಿಯಿತು, 2022ರ ಅಕ್ಟೋಬರ್ 3ರಂದು ವಾಯುಪಡೆ ಸೇರಿತು.

42. ಈಗ ನಮ್ಮ ನೆರೆಯ ಸುದ್ದಿ. ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಕಾರ್ಖಾನೆಗೆ ಅಡಿಗಲ್ಲು ಬಿದ್ದದ್ದು 2016ರ ಜನವರಿ 3ರಂದು, ಉದ್ಘಾಟನೆ 2023ರ ಫೆಬ್ರವರಿ 6ರಂದು. ಮೊದಲಿಗೆ ವರ್ಷಕ್ಕೆ 30 ಹೆಲಿಕಾಪ್ಟರ್, ಮುಂದೆ 60, ನಂತರ 90 ಎಂಬುದು ಯೋಜನೆ. ಇಲ್ಲಿ ಮೊದಲು ಕೈಗೆತ್ತಿಕೊಂಡದ್ದು ಎಲ್‌ಯುಎಚ್.

43. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ 156 ‘ಪ್ರಚಂಡ’ಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದ ಮಾಡಿಕೊಂಡಿತು: ವಾಯುಪಡೆಗೆ 66, ಭೂಸೇನೆಗೆ 90. ಬೆಂಗಳೂರಿನ ಜೊತೆಗೆ ನಮ್ಮ ತುಮಕೂರು ಜಿಲ್ಲೆಯ ಕಾರ್ಖಾನೆಗೂ ಅದರಲ್ಲಿ ಪಾಲಿದೆ.

ಮನುಷ್ಯನ ಮೈ, ಮನಸ್ಸು

44. ಆಮ್ಲಜನಕ ಕಡಿಮೆಯಾದಾಗ ಮೊದಲು ಕೆಡುವುದು ವಿವೇಚನೆ. ಪೈಲಟ್‌ಗೆ ದಣಿವಿನ ಬದಲು ಹುಮ್ಮಸ್ಸು, ಎಲ್ಲವೂ ಸರಿಯಿದೆ ಎಂಬ ಭಾವನೆ ಬರಬಹುದು. ಅದಕ್ಕೇ ಅಮೆರಿಕದ ನಿಯಮದಂತೆ 12,500 ಅಡಿ ಮೀರಿ ಅರ್ಧ ಗಂಟೆಗಿಂತ ಹೆಚ್ಚು ಹಾರಿದರೆ, 14,000 ಅಡಿ ಮೀರಿದರೆ ಇಡೀ ಹೊತ್ತು, ಪೈಲಟ್ ಆಮ್ಲಜನಕ ಬಳಸಲೇಬೇಕು.

45. ಈ ಮರುಳನ್ನು ನೆಲದ ಮೇಲೇ ಅನುಭವಿಸಿ ಕಲಿಯಲು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ವಿಶೇಷ ಕೋಣೆ ಇದೆ. 1957ರಲ್ಲಿ ಆರಂಭವಾದ ಈ ವಾಯುಪಡೆ ಸಂಸ್ಥೆಯಲ್ಲಿ ಕೋಣೆಯ ಗಾಳಿಯ ಒತ್ತಡ ತಗ್ಗಿಸಿ, ಎತ್ತರದಲ್ಲಿ ತನ್ನ ಮೈ ಏನು ಹೇಳುತ್ತದೆ ಎಂಬುದನ್ನು ಪೈಲಟ್‌ಗೆ ತೋರಿಸಿಕೊಡುತ್ತಾರೆ.

46. ಹಾರುವ ಆಸೆ ಇರುವ ನಮ್ಮ ಮಕ್ಕಳಿಗೆ ಬಾಗಿಲು ದೂರವಿಲ್ಲ. ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವಿಮಾನ ಹಾರಾಟ ತರಬೇತಿ ಶಾಲೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ 1942ರಲ್ಲೇ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಅದೇ ಘಾಟಗೆಯವರು ಮುಂದೆ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ವಿಮಾನ ರೂಪಿಸಿದರು. ಅದು 1951ರಲ್ಲಿ ಬೆಂಗಳೂರಿನ ಆಕಾಶ ಕಂಡಿತು.

47. ಕೊನೆಯದಾಗಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ವಿಜ್ಞಾನ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಸಾಂದ್ರತೆ, ಚಲನಶಕ್ತಿ, ಇಳಿಜಾರು, ಇವಿಷ್ಟೇ ಈ ಪುಟದ ಗಣಿತ. ಎಲ್ಲವೂ ಹೈಸ್ಕೂಲು, ಪಿಯುಸಿ ಪಾಠದಲ್ಲಿವೆ. ಒಂದು ಘನ ಮೀಟರ್‌ಗೆ 1.225 ಕಿಲೋ ಇದ್ದ ಗಾಳಿ 730 ಗ್ರಾಂ ಆದರೆ ಇಳಿಯುವ ವೇಗ ಎಷ್ಟು ಹೆಚ್ಚುತ್ತದೆ, ನಿಲ್ಲಿಸಲು ಎಷ್ಟು ಶಕ್ತಿ ಕಳೆಯಬೇಕು ಎಂದು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿ. ನಿಟ್ಟೂರಿನ ಪಕ್ಕದಲ್ಲಿ ಕಟ್ಟುವ ಯಂತ್ರ ಸಿಯಾಚಿನ್‌ನಲ್ಲಿ ಇಳಿಯುವುದು ಈ ಲೆಕ್ಕದ ಬಲದಿಂದಲೇ ಎಂದು ಹೇಳಿ. ಅದನ್ನು ಜೋಡಿಸುವ ಕೆಲಸಕ್ಕೆ ಮಾತ್ರವಲ್ಲ, ರೂಪಿಸುವ, ಪರೀಕ್ಷಿಸುವ, ಹಾರಿಸುವ ಕೆಲಸಕ್ಕೂ ನಮ್ಮ ಮೂರು ತಾಲ್ಲೂಕಿನ ಹುಡುಗ ಹುಡುಗಿಯರು ಹೋಗಬೇಕು. ಅವರು ಹೋಗಬಲ್ಲರು.